ಹಡಗಿನಲ್ಲಿ ಬಿಟ್ಟು ಬಂದ ಮೂಗು

ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡುತ್ತೇನೆ ಎಂದರೆ ಆಲ್ದೂರಿನ ಜನ ಮೊದಲು ಕೇಳುತ್ತಿದ್ದದ್ದು ಸಮುದ್ರದ ಬಗ್ಗೆ ಅಲ್ಲ, ಊಟದ ಬಗ್ಗೆ. ಅಷ್ಟೊಂದು ಜನಕ್ಕೆ ನಡುನೀರಿನಲ್ಲಿ ಸೊಪ್ಪು ತರಕಾರಿ ಎಲ್ಲಿಂದ ಬರುತ್ತದೆ, ಹಳಸಿದ್ದನ್ನೇ ಬಿಸಿ ಮಾಡಿ ಕೊಡುತ್ತಾರಂತೆ ಹೌದಾ ಎಂದು. ಹಾಗಲ್ಲ ಎಂದು ಹೇಳಿ ಹೇಳಿ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಬಂದರು ಸಿಕ್ಕ ದಿನ ಬೆಳಿಗ್ಗೆಯೇ ಸಾಮಾನು ಹತ್ತುತ್ತದೆ. ಎಳೆಯ ಸೊಪ್ಪು ಮೊದಲ ದಿನಗಳಿಗೆ, ಕೋಸು ಗೆಡ್ಡೆಗಳು ಕೊನೆಯ ದಿನಗಳಿಗೆ. ಬಾಳೆಹಣ್ಣನ್ನು ಹಳದಿ, ಅರೆಹಸಿರು, ಪೂರ್ತಿ ಹಸಿರು ಎಂದು ಬೇರೆ ಬೇರೆಯಾಗಿ ತರಿಸಿ, ಪ್ರಯಾಣ ಮುಗಿಯುವವರೆಗೂ ದಿನಾ ಒಂದಿಷ್ಟು ಹಣ್ಣಾಗುವಂತೆ ಜೋಡಿಸುತ್ತಾರೆ. ಮೀನಿಗೊಂದು ತಂಪುಕೋಣೆ, ಹಾಲಿಗೊಂದು, ಹಣ್ಣಿಗೊಂದು. ಬಫೆಯಲ್ಲಿ ಹೊತ್ತು ಮೀರಿ ಕೂತದ್ದನ್ನು ಮುಲಾಜಿಲ್ಲದೆ ಎಸೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಎಸೆಯುತ್ತಾರೆ.

ನಾನಿದ್ದದ್ದು ತಣ್ಣನೆಯ ಅಡುಗೆಮನೆಯಲ್ಲಿ. ಒಲೆ ಹಚ್ಚದೆ ಮಾಡುವುದೆಲ್ಲ ಅಲ್ಲಿಯದು: ಸಲಾಡು, ಹೆಚ್ಚಿದ ಹಣ್ಣು, ಬೇರೆಡೆ ಬೇಯಿಸಿ ಆರಿಸಿ ತಂದ ಸಿಗಡಿ, ಚೀಸು. ಬೇಯಿಸುವ ಅಡುಗೆಗೆ ಬೆಂಕಿಯ ಕಾವಲಿದೆ, ತಣ್ಣನೆಯದಕ್ಕೆ ಇಲ್ಲ. ಆದ್ದರಿಂದ ಅಲ್ಲಿ ಥರ್ಮಾಮೀಟರು, ಪ್ರತಿ ಡಬ್ಬಿಯ ಮೇಲೆ ದಿನಾಂಕದ ಚೀಟಿ, ಎಲ್ಲ ಇತ್ತು. ಆದರೂ ತಟ್ಟೆಗೆ ಹಾಕುವ ಮುಂಚೆ ಒಂದು ಸಲ ಮೂಸಿ ನೋಡುವವಳು ನಾನು. ನನ್ನ ಮೂಗು ಚುರುಕು ಎಂದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಅಡುಗೆಮನೆಯವರೂ ಅನುಮಾನ ಬಂದರೆ ಡಬ್ಬಿ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಆ ಮೂಗು ಹೋದದ್ದು ಒಂದು ಸಾಮಾನ್ಯ ಜ್ವರದಲ್ಲಿ. ಹಡಗಿನಲ್ಲಿ ಯಾವುದೋ ವೈರಸ್ ಓಡಾಡುತ್ತಿತ್ತು. ಜ್ವರ ಬಂದ ಕೆಲಸದವರನ್ನು ಕೋಣೆಯಲ್ಲೇ ಇರಿಸಿ, ಬಾಗಿಲ ಹೊರಗೆ ಊಟ ಇಟ್ಟು ಹೋಗುತ್ತಿದ್ದರು. ಬಾಯಿ ಸಪ್ಪೆ ಎನಿಸಿತು. ಜ್ವರದ ಬಾಯಿ ಅಂದುಕೊಂಡೆ. ಜ್ವರ ಬಿಟ್ಟು ಕೆಲಸಕ್ಕೆ ಹಿಂತಿರುಗಿದ ದಿನ ಕರ್ಬೂಜ ಹೆಚ್ಚುತ್ತಿದ್ದೆ. ಈ ಸಲದ ಹಣ್ಣು ಚೆನ್ನಾಗಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಫಿಲಿಪ್ಪೀನ್ಸಿನ ನನ್ನ ಜೊತೆಗಾತಿ ಒಳಗೆ ಬಂದವಳೇ ಮೂಗು ಮುಚ್ಚಿಕೊಂಡು ನಿಂತಳು. ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಸಿಗಡಿಯ ಡಬ್ಬಿಯೊಂದು ಕೆಟ್ಟು ಕೂತಿತ್ತು. ಅವಳು ಮುಚ್ಚಳ ತೆಗೆದು ನನ್ನ ಮುಖದ ಹತ್ತಿರ ಹಿಡಿದಳು. ನೀರಿನ ಲೋಟ ಹಿಡಿದ ಹಾಗಿತ್ತು. ಏನೂ ಇರಲಿಲ್ಲ.

ಅವಳು ಬರುವುದು ಸ್ವಲ್ಪ ತಡವಾಗಿದ್ದರೆ ಆ ಸಿಗಡಿ ತಟ್ಟೆಗೆ ಹೋಗುತ್ತಿತ್ತು, ತಟ್ಟೆಯಿಂದ ಯಾರದೋ ಅಜ್ಜ ಅಜ್ಜಿಯ ಹೊಟ್ಟೆಗೆ. ಕೈ ತೊಳೆದು ನೇರ ಮುಖ್ಯ ಶೆಫ್ ಹತ್ತಿರ ಹೋದೆ. ಅವರು ಪೋರ್ಚುಗಲ್ಲಿನ ದಪ್ಪ ಮನುಷ್ಯ, ಸಿಟ್ಟಿಗೆ ಹೆಸರಾದವರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕಣ್ಣು ಮುಚ್ಚಿಸಿ ಬೆಳ್ಳುಳ್ಳಿ, ವಿನಿಗರ್, ಕಾಫಿ ಪುಡಿ ಒಂದೊಂದೇ ಹಿಡಿದರು. ವಿನಿಗರ್ ಮೂಗಿನೊಳಗೆ ಚುಚ್ಚಿತು, ಅಷ್ಟೇ. ಕಾಫಿ ಯಾವಾಗ ಬಂದು ಯಾವಾಗ ಹೋಯಿತೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅವರು ಸ್ಟೂಲಿನ ಮೇಲೆ ಕೂತಿದ್ದರು. ನಾಳೆ ಹೇಳದೆ ಇವತ್ತೇ ಹೇಳಿದೆಯಲ್ಲ, ಅದಕ್ಕೆ ಥ್ಯಾಂಕ್ಸ್ ಎಂದರು. ಮುಂದಿನ ಬಂದರಿನಲ್ಲಿ ನನ್ನನ್ನು ಊರಿಗೆ ಕಳಿಸಿದರು. ಗುಣವಾದ ಮೇಲೆ ಫೋನ್ ಮಾಡು ಎಂದು ಹೇಳಿದ್ದರು.

ಊರಿನಲ್ಲಿ ನನಗಿರುವವರು ಇಬ್ಬರು. ಅಮ್ಮ, ಲಲಿತಮ್ಮ, ಆಲ್ದೂರಿನ ಬಸ್ ಸ್ಟ್ಯಾಂಡ್ ಹತ್ತಿರ ತಿಂಡಿ ಹೋಟೆಲು ನಡೆಸುತ್ತಾರೆ. ಅಪ್ಪ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಮೇಸ್ತ್ರಿಯಾಗಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮ ಈ ಹೋಟೆಲು ಹಾಕಿ ನನ್ನನ್ನು ಮಂಗಳೂರಿನಲ್ಲಿ ಓದಿಸಿದರು. ಇನ್ನೊಬ್ಬರು ನನ್ನ ಗಂಡ ಗಿರೀಶ. ಅವರಿಗೆ ವಸ್ತಾರೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇದೆ. ಹೋಟೆಲಿನ ಹಿಂದಿನ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ಇರುವುದು.

ಬಸ್ಸಿಳಿದವಳನ್ನು ಅಮ್ಮ ಮೇಲಿಂದ ಕೆಳಗೆ ನೋಡಿದರು. ಕೈಕಾಲು ಸರಿಯಿದೆ, ಮೈಯಲ್ಲಿ ಜ್ವರ ಇಲ್ಲ, ಮೂಗು ಮುಖದ ಮೇಲೇ ಇದೆ. ಬಂದ ಗಿರಾಕಿಗಳಿಗೆ ನೆಗಡಿ ಎಂದು ಹೇಳಿದರು. ನೆಗಡಿಗೆ ಕೆಲಸ ಬಿಟ್ಟು ಬಂದಳಂತೆ ಎಂದು ಜನ ನಕ್ಕರು. ಈ ಕಾಯಿಲೆಯ ಮೊದಲ ಕಷ್ಟ ಇದೇ. ಕಾಲು ಮುರಿದರೆ ಪಟ್ಟಿ ಕಾಣುತ್ತದೆ. ಇದನ್ನು ಯಾರಿಗೂ ತೋರಿಸುವಂತಿಲ್ಲ.

ಚಿಕ್ಕಮಗಳೂರಿನ ಡಾಕ್ಟರು, ಕಿವಿ ಮೂಗು ಗಂಟಲಿನವರು, ಮೆಲುಮಾತಿನ ಹೆಂಗಸು. ನೋಡಿ ಎಲ್ಲ ಕೇಳಿದ ಮೇಲೆ, ಜ್ವರದಿಂದಲೇ ಆಗಿರಬೇಕು, ಆದರೂ ತಲೆಯೊಳಗೆ ಬೇರೇನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳೋಣ, ಸ್ಕ್ಯಾನ್ ಮಾಡಿಸಿ ಎಂದರು. ಬೇರೇನು ಎಂದು ಗಿರೀಶ ಕೇಳಿದರು. ಗಡ್ಡೆ ಏನಾದರೂ, ಎಂದು ಅವರು ಎಷ್ಟು ಮೆತ್ತಗೆ ಹೇಳಿದರೂ ಆ ಶಬ್ದ ನಮ್ಮ ಜೊತೆ ಬಸ್ಸು ಹತ್ತಿ ಮನೆಗೆ ಬಂತು. ಅಮ್ಮನಿಗೆ ನಾವು ಅದನ್ನು ಹೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಸ್ಕ್ಯಾನಿನ ಹಿಂದಿನ ದಿನ ಅವರು ಸುಮ್ಮನೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿದರು. ಬೆರಳುಗಳು ತಲೆಬುರುಡೆಯನ್ನು ಅಲ್ಲಲ್ಲಿ ಒತ್ತಿ ಒತ್ತಿ ನೋಡುತ್ತಿದ್ದವು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಫಲಿತಾಂಶಕ್ಕಾಗಿ ಕಾದ ಬೆಳಗು ಚೆನ್ನಾಗಿ ನೆನಪಿದೆ. ಪಕ್ಕದಲ್ಲಿ ಮೂಡಿಗೆರೆ ಕಡೆಯ ಯಜಮಾನರೊಬ್ಬರು ಕೂತಿದ್ದರು. ಕಿವಿ ಮಂದ, ಆದ್ದರಿಂದ ಏನು ಕೇಳಿದರೂ ಇಡೀ ಕೋಣೆಗೆ ಕೇಳುವ ಹಾಗೆ ಕೇಳುತ್ತಿದ್ದರು. ನಿನಗೇನಾಗಿದೆ ಎಂದು ಕೂಗಿ ಕೇಳಿದರು. ವಾಸನೆ ಗೊತ್ತಾಗುವುದಿಲ್ಲ ಎಂದು ನಾನೂ ಕೂಗಿ ಹೇಳಬೇಕಾಯಿತು. ಕೋಣೆಯವರೆಲ್ಲ ತಿರುಗಿ ನೋಡಿದರು. ಯಜಮಾನರು ಚೀಲದಿಂದ ತಮ್ಮ ತೋಟದ ಕಿತ್ತಳೆ ತೆಗೆದು ಸುಲಿದು ಒಂದು ತೊಳೆ ಕೊಟ್ಟರು. ಸಿಹಿಯೋ ಹುಳಿಯೋ ಎಂದು ಕೇಳಿದರು. ಹುಳಿ ಎಂದೆ. "ಹಂಗಾದ್ರೆ ನಾಲಗೆ ಸರಿ ಇದೆ ಕಣಮ್ಮ, ಅರ್ಧ ಉಳಕಂಡಿದೆ," ಎಂದರು. ನಾಲಗೆಗೂ ಮೂಗಿಗೂ ಇರುವ ವ್ಯತ್ಯಾಸವನ್ನು ನಾನು ಅದುವರೆಗೆ ಯಾರಿಗೂ ವಿವರಿಸಲು ಆಗಿರಲಿಲ್ಲ. ಹುಳಿ ಸಿಹಿ ನಾಲಗೆಯದು, ಹಣ್ಣಿನ ಪರಿಮಳ ಮೂಗಿನದು ಎಂದು ಅವರು ಕೇಳಿದ್ದರಿಂದ ಗೊತ್ತಾಯಿತು. ಇಡೀ ಹಣ್ಣು ಮುಗಿಯುವವರೆಗೆ ಒಂದೊಂದೇ ತೊಳೆ ಕೊಡುತ್ತಾ ಕೂತರು. ನನ್ನ ಹೆಸರು ಕರೆದಾಗ ಕೈ ಅಂಟಂಟಾಗಿತ್ತು, ಭಯ ಅಷ್ಟಾಗಿ ಇರಲಿಲ್ಲ.

ಗಡ್ಡೆ ಇರಲಿಲ್ಲ. ಅಂದು ಬೈಕಿನಲ್ಲಿ ಬಂದಿದ್ದೆವು; ಹೊರಗೆ ಬಂದು ಗಿರೀಶ ಅದರ ಸೀಟಿನ ಮೇಲೆ ತಲೆಯಿಟ್ಟು ನಿಂತರು. ನರ ಮತ್ತೆ ಬೆಳೆಯಬೇಕು, ತಿಂಗಳುಗಟ್ಟಲೆ ಹಿಡಿಯಬಹುದು, ವರ್ಷವೂ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಹೆಚ್ಚೇನೂ ಇರಲಿಲ್ಲ. ಬೆಳಿಗ್ಗೆ ಸಂಜೆ ನಾಲ್ಕು ಪರಿಮಳಗಳನ್ನು ಗಮನವಿಟ್ಟು ಮೂಸಬೇಕು, ಬಾರದಿದ್ದರೂ ಮೂಸಬೇಕು. ಅದೇ ವ್ಯಾಯಾಮ. ಅಮ್ಮ ಏಲಕ್ಕಿ, ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆಯನ್ನು ಉಪ್ಪಿನಕಾಯಿಯ ಪುಟ್ಟ ಬಾಟಲಿಗಳಲ್ಲಿ ಹಾಕಿಟ್ಟರು. ಹೋಟೆಲಿಗೆ ಜನ ಬರುವ ಮುಂಚೆ ನಾನು ಹಿತ್ತಿಲ ಮೆಟ್ಟಿಲಲ್ಲಿ ಕೂತು ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದೆ. ಬಂತಾ ಎಂದು ಅಮ್ಮ ಒಳಗಿಂದ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ.

ಆ ವರ್ಷ ಕಾಫಿ ಗಿಡಗಳಲ್ಲಿ ಹೂ ಅರಳಿಸುವ ಹೂ ಮಳೆ ಚೆನ್ನಾಗಿ ಬಿತ್ತು. ಕಾಫಿ ಅರಳಿದ ಬೆಳಿಗ್ಗೆ ಬಸ್ಸಿನಿಂದ ಇಳಿದವರೆಲ್ಲ ಎಂಥ ಪರಿಮಳ ಎನ್ನುತ್ತಾ ಹೋಟೆಲಿಗೆ ಬಂದರು. ನಾನು ರಸ್ತೆಯಾಚೆಯ ತೋಟದ ಬೇಲಿಯ ಹತ್ತಿರ ಹೋಗಿ ನಿಂತೆ. ಗಿಡಗಳೆಲ್ಲ ಬೆಳ್ಳಗೆ, ಜೇನು ಗುಂಯ್‌ಗುಡುತ್ತಿತ್ತು. ಶಬ್ದ ಇತ್ತು, ಬಿಳಿ ಇತ್ತು, ಟಿವಿಯಲ್ಲಿ ನೋಡಿದ ಹಾಗೆ. ಅವತ್ತು ಅತ್ತುಬಿಟ್ಟೆ. ಗಡ್ಡೆ ಇಲ್ಲ ಎಂದ ಮೇಲೆ ಅಳುವುದಕ್ಕೆ ಹಕ್ಕಿಲ್ಲ ಎಂದು ಅದುವರೆಗೆ ತಡೆದುಕೊಂಡಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಏನೋ ವಾಸನೆ ಬಂತು. ಬಂತು ಎಂದು ಕೂಗುತ್ತಾ ಅಡುಗೆಮನೆಗೆ ಓಡಿದೆ. ಏನೋ ಸುಡುತ್ತಿದೆ, ಟೈರು ಸುಟ್ಟ ಹಾಗೆ, ಅದರೊಳಗೆ ಏನೋ ಸತ್ತು ಬಿದ್ದ ಹಾಗೆ. ಗ್ಯಾಸಿನ ಹಿಂದೆ ಇಲಿ ಸತ್ತಿರಬೇಕು ಎಂದೆ. ಅಮ್ಮ ನನ್ನನ್ನೇ ನೋಡುತ್ತಾ ನಿಂತರು. ಒಲೆಯ ಮೇಲೆ ಏನೂ ಇರಲಿಲ್ಲ. ಅವರು ಕಾಫಿ ಡಿಕಾಕ್ಷನ್ ಇಳಿಸುತ್ತಿದ್ದರು.

ಮುಂದಿನ ತಿಂಗಳುಗಳು ಏನೂ ಇಲ್ಲದ ತಿಂಗಳುಗಳಿಗಿಂತ ಕಷ್ಟವಾಗಿದ್ದವು. ಕಾಫಿ, ಹುರಿದ ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆ, ಮೊಟ್ಟೆ, ಕೋಳಿ, ಎಲ್ಲಕ್ಕೂ ಅದೇ ಒಂದು ಕೊಳೆತ ವಾಸನೆ. ಹೋಟೆಲಿನಲ್ಲಿ ದಿನವಿಡೀ ಇವೇ. ಕಾಫಿ ತೋಟಗಳ ನಡುವೆ ಹುಟ್ಟಿದವಳಿಗೆ ಕಾಫಿಯ ವಾಸನೆಗೆ ಓಡಿಹೋಗಿ ವಾಂತಿ ಮಾಡಬೇಕಾದ ಗತಿ. ಡಾಕ್ಟರಿಗೆ ಫೋನ್ ಮಾಡಿದರೆ ಅವರು ಸಂತೋಷಪಟ್ಟರು. ನರ ಬೆಳೆಯುತ್ತಿದೆ, ತಂತಿ ತಪ್ಪಾಗಿ ಜೋಡಣೆಯಾಗಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದರು. ನನಗೆ ಆ ಸಂತೋಷ ಅರ್ಥವಾಗಲು ಬಹಳ ದಿನ ಬೇಕಾಯಿತು. ಮೈ ಇಳಿಯಿತು. ಅಮ್ಮ ಕಡುಬು ಮಾಡಿದರೆ ಕಡುಬು ತಿಂದು ಚಟ್ನಿ ತಳ್ಳುತ್ತಿದ್ದೆ. ಅಮ್ಮನ ಮುಖ ಸಣ್ಣದಾಗುತ್ತಿತ್ತು. ಇಡೀ ಆಲ್ದೂರು ಉಣ್ಣುವ ಕೈಯಡುಗೆ, ಮಗಳಿಗೆ ಬೇಡವಾಯಿತು ಎಂದು ಒಮ್ಮೆ ಗಿರೀಶನ ಹತ್ತಿರ ಹೇಳಿಕೊಂಡರಂತೆ.

ಹೇಳಲು ಕಷ್ಟವಾದ ಇನ್ನೊಂದು ವಿಷಯವಿದೆ. ಇದೇ ಕಾಯಿಲೆ ಇರುವ ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಗಿರೀಶನ ಮೈವಾಸನೆಯೂ ಬದಲಾಗಿತ್ತು. ಪಕ್ಕ ಕೂತರೆ ಅವರಿಗೆ ತಿಳಿಯದಂತೆ ಸರಿಯುತ್ತಿದ್ದೆ. ತಿಳಿಯುವುದಿಲ್ಲ ಎಂದು ನಾನು ಅಂದುಕೊಂಡಿದ್ದು. ಒಂದು ಸಂಜೆ ಅವರು ಅಂಗಡಿಯಿಂದ ಬಂದು ಸ್ನಾನ ಮುಗಿಸಿ, ಹಿತ್ತಿಲ ಮೆಟ್ಟಿಲಲ್ಲಿ ನನ್ನಿಂದ ದೂರ ಕೂತರು.

"ನನ್ನ ವಾಸನೆ ಈಗ ಹ್ಯಾಗಿದೆ, ಹೇಳು," ಎಂದರು.

"ಬ್ಯಾಡ ಬಿಡಿ."

"ಹೇಳು ಮಾರಾಯ್ತಿ. ಹೇಳದೆ ಇದ್ರೆ ನಾನು ಇನ್ನೂ ಕೆಟ್ಟದಾಗಿ ಯೋಚನೆ ಮಾಡ್ತೀನಿ."

"ಕೆರೆ ಒಣಗಿದಾಗ ಕೆಸರು ಬರ್ತದಲ್ಲ, ಅದಕ್ಕೆ ಸೋಪು ಕಲಸಿದ ಹಾಗೆ."

ಅವರು, ನಾನು ಇದಕ್ಕಿಂತ ಕೆಟ್ಟದ್ದನ್ನು ಅಂದುಕೊಂಡಿದ್ದೆ ಎಂದು ನಕ್ಕರು. ಮೈಯ ವಾಸನೆಗೆ ಏನೂ ಮಾಡಲಾಗದು, ಸೋಪಿನದನ್ನು ಸರಿಮಾಡೋಣ ಎಂದು ಮರುದಿನದಿಂದ ಸೀಗೆಪುಡಿಯಲ್ಲಿ ಸ್ನಾನ ಶುರುಮಾಡಿದರು. ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಆದರೆ ಹೇಳಿ ಆದ ಮೇಲೆ ಸರಿದು ಕೂರುವ ನಾಟಕ ತಪ್ಪಿತು. ಇವತ್ತು ಕೆಸರು ಜಾಸ್ತಿಯೋ ಕಡಿಮೆಯೋ ಎಂದು ಅವರೇ ಬಾಗಿಲಲ್ಲಿ ನಿಂತು ವಿಚಾರಿಸಿ ಒಳಗೆ ಬರುತ್ತಿದ್ದರು.

ಉಣ್ಣುವ ದಾರಿ ಕಂಡದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಹಸಿವು ತಡೆಯದೆ, ಬೆಳಿಗ್ಗೆ ಮಾಡಿ ತಣ್ಣಗಾಗಿದ್ದ ಅನ್ನಕ್ಕೆ ಬರೀ ಮೊಸರು ಉಪ್ಪು ಹಾಕಿಕೊಂಡು ತಿಂದೆ. ವಾಸನೆ ಏಳಲೇ ಇಲ್ಲ. ಬಿಸಿಯಾದದ್ದು, ಹುರಿದದ್ದು ಮಾತ್ರ ನನಗೆ ಶತ್ರು, ತಣ್ಣನೆಯದು ಅಲ್ಲ. ಇಷ್ಟು ವರ್ಷ ತಣ್ಣನೆಯ ಅಡುಗೆಮನೆಯಲ್ಲೇ ದುಡಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ಅಮ್ಮನಿಗೆ ಹೇಳಿದೆ. ಅವರು ಹಿತ್ತಿಲಿಗೆ ಹೋಗಿ ಒಂದೆಲಗ ಕಿತ್ತು ತಂದರು. ಕಾಯಿ, ಒಂದೆಲಗ ರುಬ್ಬಿ ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡಿದರು. ಅಭ್ಯಾಸಬಲದಿಂದ ಒಗ್ಗರಣೆ ಸೌಟು ಕೈಗೆತ್ತಿಕೊಂಡವರು ಹಾಗೇ ಅದನ್ನು ಮೊಳೆಗೆ ತೂಗುಹಾಕಿದರು. ನಾನು ಎರಡು ಲೋಟ ಕುಡಿದೆ. ಅಮ್ಮ ಎದುರು ಕೂತು ನೋಡಿದರು.

ಅಲ್ಲಿಂದ ಮನೆಯ ಅಡುಗೆಯೇ ಬದಲಾಯಿತು. ದಾಳಿಂಬೆ ಸಿಪ್ಪೆಯದು, ದೊಡ್ಡಪತ್ರೆಯದು, ಮೆಂತ್ಯದ್ದು, ದಿನಕ್ಕೊಂದು ತಂಬುಳಿ, ಯಾವುದನ್ನೂ ಹುರಿಯದೆ. ಸೌತೆಕಾಯಿ ಕೋಸಂಬರಿ, ನೆನೆಸಿದ ಅವಲಕ್ಕಿ. ಹಡಗಿನಲ್ಲಿ ಕಲಿತ ಕೆಲವು ಸಲಾಡುಗಳನ್ನು ನಾನು ಮಾಡಿದೆ. ಅಮ್ಮ ಅವುಗಳಿಗೆ ಹಸಿಮೆಣಸು ಸೇರಿಸಿ ಸುಧಾರಿಸಿದರು. ವಾಸನೆ ಇಲ್ಲದವಳಿಗೆ ಕರುಂ ಎನ್ನುವುದು, ಹುಳಿ, ಖಾರ, ತಂಪು ಎಷ್ಟು ದೊಡ್ಡ ಸಂಗತಿಗಳು ಎಂದು ಗೊತ್ತಾದದ್ದು ಆಗಲೇ. ಹೋಟೆಲಿನ ಗಿರಾಕಿಯೊಬ್ಬರು ನನ್ನ ತಟ್ಟೆ ನೋಡಿ ನಮಗೂ ಅದನ್ನೇ ಕೊಡಿ ಎಂದರು. ಬೇಸಿಗೆಯ ಹೊತ್ತಿಗೆ ಮಧ್ಯಾಹ್ನದ ತಂಪು ಊಟ ಎಂದೇ ಒಂದು ಹಲಗೆ ಬರೆಸಿ ಹಾಕಿದೆವು.

ಹಲಗೆ ಹಾಕುವ ಮೊದಲು ನಾನು ಅಮ್ಮನಿಗೆ ಒಂದು ಷರತ್ತು ಹಾಕಿದ್ದೆ. ನನ್ನ ಮೂಗು ನಂಬುವಂತಿಲ್ಲ, ಆದ್ದರಿಂದ ಹಡಗಿನ ಕ್ರಮವೇ ಇಲ್ಲಿಯೂ ಆಗಬೇಕು. ಮಜ್ಜಿಗೆಗೆ, ಕಾಯಿ ರುಬ್ಬಿದ್ದಕ್ಕೆ ಥರ್ಮಾಮೀಟರು, ಪಾತ್ರೆಯ ಮೇಲೆ ಯಾವಾಗ ಮಾಡಿದ್ದೆಂದು ಚೀಟಿ, ಹೊತ್ತು ಮೀರಿದ್ದು ಹಸುವಿನ ಬಾನಿಗೆ. ಥರ್ಮಾಮೀಟರು ನೋಡಿ ಅಮ್ಮ, ತಂಬುಳಿಗೆ ಜ್ವರ ಬಂದಿದೆಯೋ ಎಂದು ಕೇಳಿದರು. ಆದರೆ ದಿನವೂ ತಾವೇ ಇಟ್ಟು ನೋಡಿದರು. ಕೊನೆಯಲ್ಲಿ ಮೂಸುವ ಕೆಲಸವೂ ಅವರದೇ.

ಹಡಗಿನ ಶೆಫ್ ಒಮ್ಮೆ ಫೋನ್ ಮಾಡಿದ್ದರು. ಉಗ್ರಾಣದಲ್ಲಿ ಕೆಲಸವಿದೆ, ಅಲ್ಲಿ ಮೂಗು ಅಷ್ಟಾಗಿ ಬೇಡ, ಬರುತ್ತೀಯಾ ಎಂದು. ಅವರು ಕೇಳಿದ್ದು ಸಂತೋಷವಾಯಿತು. ಯೋಚಿಸುತ್ತೇನೆ ಎಂದೆ, ಗಿರೀಶನೂ ಹೋಗು ಎಂದರು. ನಾನೇ ಹೋಗಲಿಲ್ಲ. ಬೇಸರದಿಂದಲ್ಲ. ಮಧ್ಯಾಹ್ನದ ಊಟಕ್ಕೆ ಆಗಲೇ ಖಾಯಂ ಜನ ಬರುತ್ತಿದ್ದರು, ನಾಳೆಗೆ ಯಾವ ತಂಬುಳಿ ಎಂಬ ಯೋಚನೆ ನನ್ನ ತಲೆಯಲ್ಲಿ ಓಡುತ್ತಿತ್ತು. ಮನಸ್ಸು ಹಡಗನ್ನು ಬಿಟ್ಟದ್ದು ಯಾವಾಗ ಎಂದು ಕೇಳಿದರೆ ನನಗೇ ಗೊತ್ತಿಲ್ಲ.

ವಾಸನೆಗಳು ಒಂದೊಂದಾಗಿ ಸರಿಯಾದವು. ಮೊದಲು ನಿಂಬೆ, ಆಮೇಲೆ ಏಲಕ್ಕಿ. ಆದರೆ ನಾನು ಮರೆಯದ ದಿನ ಬೇರೆಯದು. ಮಂಗಳೂರು ಕಡೆಯಿಂದ ಮೀನು ತರುವವರು ವಾರಕ್ಕೊಮ್ಮೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸುತ್ತಾರೆ. ಅಂದು ಅಮ್ಮನಿಗೆ ಬಂಗುಡೆ ತೆಗೆದುಕೊಡಲು ನಾನು ಹೋಗಿದ್ದೆ. ಅಭ್ಯಾಸದಂತೆ ಕಣ್ಣು ನೋಡಿದೆ, ಕಿವಿರು ಎತ್ತಿದೆ. ಎತ್ತಿದ ಕೂಡಲೇ ಬಂತು. ಟೈರಲ್ಲ, ಕೆಸರಲ್ಲ, ಮೀನು ಕೆಟ್ಟಾಗ ಬರುವ ಸರಿಯಾದ, ಚೊಕ್ಕ ದುರ್ನಾತ. ಇನ್ನೊಂದು ಮೀನು ಎತ್ತಿದೆ, ಅದು ತಾಜಾ ಇತ್ತು, ಉಪ್ಪುನೀರಿನ ವಾಸನೆ. ಮತ್ತೆ ಕೆಟ್ಟದ್ದನ್ನು ಎತ್ತಿದೆ. ಮೀನಿನವರು ಗಾಬರಿಯಾಗಿ, ಅದನ್ನು ಬಿಡಿ ಅಕ್ಕ, ಬೇರೆ ಕೊಡ್ತೇನೆ ಎಂದರು. ನಾನು ಅದನ್ನೇ ಕೊಡಿ ಎಂದೆ. ಕಣ್ಣಲ್ಲಿ ನೀರು ಸುರಿಸುತ್ತಾ ಹಳಸಿದ ಬಂಗುಡೆಯನ್ನು ಎತ್ತಿ ಎತ್ತಿ ಮೂಸುತ್ತಿದ್ದ ಹೆಂಗಸನ್ನು ಆಲ್ದೂರಿನ ಜನ ಅಂದು ನೋಡಿದರು. ಅಮ್ಮ ಓಡಿ ಬಂದು, ತಾವೂ ಒಮ್ಮೆ ಮೂಸಿ, ಹೌದು ಕೆಟ್ಟಿದೆ ಎಂದು ಹೇಳಿ ನನ್ನ ಬೆನ್ನು ಸವರಿದರು.

ಈಗ ನಾನು ಪೂರ್ತಿ ಗುಣವಾಗಿದ್ದೇನೆಯೇ ಎಂದರೆ, ಇಲ್ಲ. ಕಾಫಿ ಕುಡಿಯುತ್ತೇನೆ. ಅದು ಹಳೆಯ ಕಾಫಿಯಲ್ಲ. ಒದ್ದೆ ಕಟ್ಟಿಗೆಗೂ ಹುರಿದ ಕಡಲೆಗೂ ನಡುವಿನ ಯಾವುದೋ ಒಂದು. ನಾನು ಅದಕ್ಕೆ ಒಗ್ಗಿದ್ದೇನೆ, ಬೆಳಿಗ್ಗೆ ಬೇಕೇ ಬೇಕು. ಬೆಳ್ಳುಳ್ಳಿ ಒಗ್ಗರಣೆ ಇನ್ನೂ ಆಗುವುದಿಲ್ಲ. ಗಿರೀಶನ ಕೆಸರು ಯಾವಾಗ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸೀಗೆಪುಡಿ ಮಾತ್ರ ಅವರು ಬಿಟ್ಟಿಲ್ಲ.

ಕಳೆದ ತಿಂಗಳು ಕಳಸದ ಕಡೆಯ ದಂಪತಿ ಹೋಟೆಲಿಗೆ ಬಂದರು. ಚಿಕ್ಕಮಗಳೂರಿನ ಡಾಕ್ಟರು, ಇಂಥವರಿದ್ದಾರೆ ಹೋಗಿ ಮಾತಾಡಿ ಎಂದು, ನನ್ನನ್ನು ಕೇಳಿಯೇ, ಕಳಿಸಿದ್ದರು. ಗಂಡ ಸಣ್ಣ ಬೆಳೆಗಾರರು, ಐವತ್ತರ ಹತ್ತಿರ, ಶರ್ಟು ಹೆಗಲಿನಲ್ಲಿ ಜೋತುಬಿದ್ದಿತ್ತು. ಜ್ವರ ಬಂದು ಹೋದ ಮೇಲೆ ಏನೂ ಸೇರುತ್ತಿಲ್ಲ. ಮನೆಯಲ್ಲಿ ತಟ್ಟೆ ತಳ್ಳಿ ಏಳುತ್ತಾರೆ. ಹೆಂಡತಿ ಇದನ್ನೆಲ್ಲ ಹೇಳುವಾಗ ಅವರು ನೆಲ ನೋಡುತ್ತಿದ್ದರು. ಆಕೆ, ನಾನು ಮಾಡಿದ್ದಕ್ಕೆಲ್ಲ ಮುಖ ಕಿವುಚುತ್ತಾರೆ, ಬೇರೆ ಏನೋ ಮನಸ್ಸಿನಲ್ಲಿರಬೇಕು ಅಂದುಕೊಂಡಿದ್ದೆ ಎಂದು ಹೇಳಿದರು.

ನಾನು ಹೆಚ್ಚು ಮಾತಾಡಲಿಲ್ಲ. ಕಾಫಿ ಟೈರಿನ ಹಾಗೆ ಬರುತ್ತದೆಯೇ ಎಂದು ಮಾತ್ರ ಅವರನ್ನು ಕೇಳಿದೆ. ಅವರು ತಟ್ಟನೆ ತಲೆಯೆತ್ತಿದರು.

"ಟೈರು ಅಲ್ಲ ಕಣಮ್ಮ, ಸುಟ್ಟ ಕೂದಲು," ಎಂದರು. ನಂತರ ಹೆಂಡತಿಯ ಕಡೆ ತಿರುಗಿ, "ನಾ ಹೇಳ್ಲಿಲ್ವ, ಹೇಳ್ಲಿಲ್ವ ನಿಂಗೆ," ಎಂದರು.

ಅಡುಗೆಮನೆಯ ಒಗ್ಗರಣೆ ತಲುಪದ ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂರಿಸಿ, ತಣ್ಣನೆಯ ಅನ್ನ, ಒಂದೆಲಗದ ತಂಬುಳಿ, ಎಣ್ಣೆ ಸಾಸಿವೆ ಇಲ್ಲದ ಕೋಸಂಬರಿ ಬಡಿಸಿದೆ. ಅವರು ಮೊದಲ ತುತ್ತನ್ನು ಬಾಯಿಗಿಟ್ಟು ಉಸಿರು ಹಿಡಿದು ಕಾದರು. ಆ ಕಾಯುವುದು ನನಗೆ ಗೊತ್ತು. ಏನೂ ಆಗಲಿಲ್ಲ. ಎರಡನೆಯ ತುತ್ತು ಇಟ್ಟರು. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದರು, ಬಹಳ ದಿನ ಹಸಿದವರು ಉಣ್ಣುವ ಹಾಗೆ. ಹೆಂಡತಿ ತಮ್ಮ ತಟ್ಟೆ ಮುಟ್ಟದೆ ಅವರ ಕೈಯನ್ನೇ ನೋಡುತ್ತಿದ್ದರು.

ತಟ್ಟೆ ಖಾಲಿಯಾಯಿತು. "ಇನ್ನೊಂಚೂರು ಅನ್ನ," ಎಂದರು ಅವರು.

ನಾನು ಪಾತ್ರೆ ತಂದೆ. ಬಡಿಸಲು ಬಗ್ಗಿದಾಗ ಆಕೆ ಎದ್ದು ನಿಂತು, ಸೌಟನ್ನು ನನ್ನ ಕೈಯಿಂದ ಮೆತ್ತಗೆ ತೆಗೆದುಕೊಂಡರು. ತಾವೇ ಗಂಡನ ತಟ್ಟೆಗೆ ಬಡಿಸಿದರು.